ಡಬ್ಬಿಯೊಳಗಿನ ರಕ್ಕಸ

ಟಿಪ್ಪರಿನ ಬ್ರೇಕಿನ ಗುಟ್ಟನ್ನು ಡ್ರೈವರ್ ರಾಜಣ್ಣ ತನ್ನ ಹೆಂಡತಿ ಕುಮಾರಿಗೆ ಕಥೆ ಮಾಡಿ ಹೇಳಿದ್ದ. ಹಿಂದಿನ ಗಾಲಿಗಳ ಪಕ್ಕ ಒಂದೊಂದು ಕಬ್ಬಿಣದ ಡಬ್ಬಿ, ಅದರೊಳಗೆ ರಕ್ಕಸನಂಥ ಸ್ಪ್ರಿಂಗು. ಗಾಳಿ ತುಂಬಿರುವ ತನಕ ರಕ್ಕಸ ಮುದುಡಿ ಕೂತಿರುತ್ತಾನೆ, ಗಾಡಿ ಓಡುತ್ತದೆ. ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರೆ ಪುಸ್ಸೆಂದು ಗಾಳಿ ಹೋಗುತ್ತದೆ. ಅವನು ಎದ್ದು ಗಾಲಿಯನ್ನು ಕಚ್ಚಿ ಹಿಡಿಯುತ್ತಾನೆ. ನಿಂತ ಗಾಡಿಯನ್ನು ಗಾಳಿ ಹಿಡಿದಿದೆ ಅಂತ ಲೋಕ ತಿಳಿದಿದೆ, ಗಾಳಿ ಹಿಡಿಯುವುದು ರಕ್ಕಸನನ್ನು ಎಂದು ರಾಜಣ್ಣ ನಗುತ್ತಿದ್ದ.

ಈಗ ಅವನು ಗುಂಡ್ಲುಪೇಟೆಯ ಪೊಲೀಸ್ ಸ್ಟೇಷನ್ನಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಬೇಗೂರಿನಾಚೆಯ ಕ್ರಷರಿನಲ್ಲಿ ಜಲ್ಲಿ ತುಂಬಿದ ಟಿಪ್ಪರನ್ನು ಇಳಿಜಾರಿನಲ್ಲಿ ನಿಲ್ಲಿಸಿ ತೂಕದ ಚೀಟಿಗೆಂದು ಇಳಿದಿದ್ದ. ಗಾಡಿ ತಾನಾಗಿ ಉರುಳಿತು. ಗೇಟಿನ ಬಳಿ ಬುತ್ತಿ ಬಿಚ್ಚುತ್ತಿದ್ದ ವಾಚ್‌ಮನ್ ಚೆಲುವಯ್ಯನನ್ನು ಗೋಡೆಗೆ ಒತ್ತಿ ಅರೆದುಬಿಟ್ಟಿತು. ಹ್ಯಾಂಡ್‌ಬ್ರೇಕ್ ಎಳೆಯಲು ಮರೆತ ಎಂಬುದು ಕ್ರಷರಿನವರೆಲ್ಲರ ಒಂದೇ ಮಾತು. ಚೆಲುವಯ್ಯನ ಹೆಂಡತಿ ಮರಿತಾಯಮ್ಮ ಸ್ಟೇಷನ್ನಿನ ಬಾಗಿಲಲ್ಲೇ ಕುಮಾರಿಯ ಮುಖಕ್ಕೆ ಉಗಿದಳು.

"ಎಳ್ದಿದ್ದೆ ಕಣಮ್ಮಿ," ಅಂದ ರಾಜಣ್ಣ. "ಪುಸ್ ಅಂದುದ್ದ ಈ ಕಿವೀಲೇ ಕೇಳ್ದೆ. ನೆನ್ನೆ ನಾನು ಹರವೆ ಊರ್ಗೆ ಓಗಿದ್ದಾಗ ಯಾರೋ ಗಾಡಿಗೆ ಕೈ ಹಾಕವ್ರೆ. ಡಬ್ಬಿ ಹಿಂದ್ಗಡೆ ನೋಡು. ಬೋಲ್ಟು ಗೇಣುದ್ದ ಆಚಿಗೆ ಬಂದಿದ್ರೆ ರಕ್ಕಸನ್ನ ಕಟ್ಟಾಕವ್ರೆ ಅಂತ್ಲೇ."

ಗಾಳಿ ಸೋರಿ ಗಾಲಿ ಜಾಮ್ ಆದಾಗ, ಗಾಡಿಯನ್ನು ಪಕ್ಕಕ್ಕೆ ಸರಿಸಲು ಆ ಬೋಲ್ಟು ತಿರುಗಿಸಿ ಸ್ಪ್ರಿಂಗನ್ನು ಮುದುಡಿಸಿ ಬಿಗಿಯುವುದು ಎಲ್ಲರೂ ಮಾಡುವ ಕೆಲಸವೇ. ಸೋರಿಕೆ ಸರಿಹೋದ ಮೇಲೆ ಬಿಚ್ಚಬೇಕು. ಬಿಚ್ಚದಿದ್ದರೆ ಓಡಿಸುವವನಿಗೆ ತಿಳಿಯುವುದೇ ಇಲ್ಲ. ಕಾಲಿನ ಬ್ರೇಕು ಹಿಡಿಯುತ್ತಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದರೆ ಪುಸ್ಸೆಂಬ ಸದ್ದೂ ಬರುತ್ತದೆ. ಸದ್ದು ಮಾತ್ರ.

ಕುಮಾರಿ ಸಿಕ್ಕಿದ ಬಸ್ಸು ಹತ್ತಿ ಕ್ರಷರಿಗೆ ಬಂದಳು. ಆರ್‌ಟಿಒ ಇನ್‌ಸ್ಪೆಕ್ಟರು ಬರುವ ತನಕ ಮುಟ್ಟಬೇಡಿ ಎಂದು ಪೊಲೀಸರು ಹೇಳಿಹೋಗಿದ್ದ ಟಿಪ್ಪರು ಗೋಡೆಗೆ ಮೂತಿಯಿಟ್ಟು ನಿಂತಿತ್ತು. ಮಣ್ಣಲ್ಲಿ ಚೆಲ್ಲಿದ್ದ ಮುದ್ದೆಗೆ ಇರುವೆ ಮುತ್ತಿದ್ದವು. ಅವಳು ಗಾಲಿಯ ಹಿಂದೆ ತೂರಿ ಕತ್ತೆತ್ತಿದಳು. ನಾಲಿಗೆ ಚಾಚಿದ ಹಾಗೆ ಗೇಣುದ್ದದ ಬೋಲ್ಟು ಹೊರಗಿತ್ತು.

ಕತೆಗಳಲ್ಲಿ ರಕ್ಕಸನ ಗುಟ್ಟು ತಿಳಿದ ಹುಡುಗಿ ಅದನ್ನು ಯಾರಿಗೂ ಹೇಳುವುದಿಲ್ಲ. ಕುಮಾರಿ ಹೇಳಿದಳು. ಹೇಳಿದ್ದು ಶಂಕರನಿಗೆ, ಅದೇ ಕ್ರಷರಿನ ಇನ್ನೊಬ್ಬ ಡ್ರೈವರು, ಅವಳ ಕೈಯಡುಗೆಯನ್ನು ಎಷ್ಟೋ ಸಲ ಉಂಡವನು. ಅವನೂ ಬಗ್ಗಿ ನೋಡಿದ.

"ಇದೊಂದು ಸಾಕು ಅತ್ಗೆ, ರಾಜಣ್ಣ ಗೆದ್ದಂಗೆ. ನೀವೋಗಿ ಸಾವ್ಕಾರ್ರನ್ನ, ಪೊಲೀಸ್ನೋರನ್ನ ಕರ್ಕಬನ್ನಿ. ಯಾರೂ ಮುಟ್ದಂಗೆ ನಾನು ಕಾಯ್ತೀನಿ."

ತನ್ನದು ಮಾತಾಡುವ ಫೋನು ಮಾತ್ರ, ನಿನ್ನದರಲ್ಲಿ ಒಂದು ಫೋಟೊ ಹಿಡಿದುಕೊ ಅಂದಳು. ಅವನು ಫೋನೆತ್ತಿ ಫಳಕ್ಕೆಂದು ಬೆಳಕು ಬಿಟ್ಟ. ಕುಮಾರಿ ಅವನಿಗೆ ಕೈ ಮುಗಿದು ಓಡಿದಳು.

ಕ್ರಷರಿನ ಸಾಹುಕಾರ ಶಾಂತಮಲ್ಲಪ್ಪನನ್ನೂ ಒಬ್ಬ ಪೊಲೀಸನನ್ನೂ ಅವಳು ಕರೆತರುವ ಹೊತ್ತಿಗೆ ಬೋಲ್ಟು ಒಳಸೇರಿ ತೆಪ್ಪಗೆ ಕೂತಿತ್ತು.

"ಎಲ್ಲವ್ವಾ ನಿನ್ನ ಗೇಣುದ್ದದ್ದು?" ಅಂದ ಶಾಂತಮಲ್ಲಪ್ಪ. ಸುತ್ತ ನಿಂತವರು ನಕ್ಕರು.

ಅವಳು ಫೋಟೊ ತೋರಿಸು ಅಂದಳು. ಯಾವ ಫೋಟೊ ಎಂದು ಶಂಕರ ಕೇಳಿದ, ಮೆಲ್ಲಗೆ, ಕನಿಕರದಲ್ಲಿ. ಕೈ ತೋರಿಸು ಎಂದು ಕಿರುಚಿದಳು. ಅವನು ಎರಡೂ ಅಂಗೈ ಚಾಚಿದ. ಗ್ರೀಸಿತ್ತು. ಅಲ್ಲಿದ್ದವರೆಲ್ಲರ ಕೈಯಲ್ಲೂ ಇತ್ತು.

"ದುಕ್ಕದಲ್ಲಿ ಏನೇನೋ ಕಾಣ್ತದೆ ಅತ್ಗೆ," ಅಂದ. "ಮನೆಗೋಗಿ."

ಚಾಮರಾಜನಗರದಿಂದ ಬಂದ ಇನ್‌ಸ್ಪೆಕ್ಟರು ಹ್ಯಾಂಡ್‌ಬ್ರೇಕ್ ಎಳೆದು ನೋಡಿ, ಬ್ರೇಕಿನಲ್ಲಿ ದೋಷವಿಲ್ಲವೆಂದು ಬರೆದರು. ಅವರು ಬರೆದದ್ದು ಸುಳ್ಳೇನಲ್ಲ.

ರಾಜಣ್ಣ ಜಾಮೀನಿನ ಮೇಲೆ ಮನೆಗೆ ಬಂದ. ಆ ಟಿಪ್ಪರನ್ನು ಈಗ ಶಂಕರ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ರಾಜಣ್ಣನ ಮನೆಯೆದುರಿನ ಇಳಿಜಾರಿನಲ್ಲೇ ಅದನ್ನು ನಿಲ್ಲಿಸಿ ಟೀ ಕುಡಿಯಲು ಹೋದ. ಪುಸ್ಸೆಂದಿತು. ಜಗಲಿಯ ಮೇಲೆ ಕೂತಿದ್ದ ರಾಜಣ್ಣ ನೋಡುತ್ತಲೇ ಇದ್ದ. ತುಂಬಿದ ಗಾಡಿ ಕೂದಲೆಳೆಯಷ್ಟೂ ಕದಲಲಿಲ್ಲ.

"ಬೋಲ್ಟು ನಾನೇ ಕಣ್ಣಾರೆ ಕಂಡಿವ್ನಿ," ಅಂದಳು ಕುಮಾರಿ.

ಅವನು ಅವಳತ್ತ ತಿರುಗಲಿಲ್ಲ.

"ನಾನು ಎಳ್ದಿದ್ನೇನಮ್ಮಿ?" ಎಂದು ಕೇಳಿದ.