ಗಿಟಾರು ಹೇಳುತ್ತಿದ್ದ ಸಾಲು

ವರ್ಡೆಲ್ ಚರ್ಚಿನ ಮೊದಲ ಬೆಂಚಿನಲ್ಲಿ ಕೂತು, ಪಕ್ಕದ ಖಾಲಿ ಜಾಗದಲ್ಲಿ ತನ್ನ ಕೈಚೀಲ ಇಟ್ಟಳು. ಅದರ ಪಕ್ಕಕ್ಕೆ ಕೋಟು ಹರಡಿದಳು. ಅದೂ ಸಾಲದೆಂದು ತಂಗಿ ಲುವಿನಿಯಾಳ ತಲೆಯ ಮೇಲಿದ್ದ ಟೋಪಿಯನ್ನೇ ತೆಗೆದು ಉಳಿದ ಗೇಣು ಜಾಗಕ್ಕೂ ಬೇಲಿ ಹಾಕಿದಳು. ಇನ್ನು ಒಝೆಲಾ ಬಂದು ಕೂರಲಿ, ನೋಡೋಣ.

ಎದುರಿಗೆ ತೆರೆದ ಶವಪೆಟ್ಟಿಗೆಯಲ್ಲಿ ಗಂಡ ಲೆಮ್ಯುಯೆಲ್ ಕಪ್ಪು ಕನ್ನಡಕ ಹಾಕಿಕೊಂಡೇ ಮಲಗಿದ್ದ. ಡರ್ಹಮ್‌ನ ತಂಬಾಕು ಗೋದಾಮುಗಳ ಬೀದಿಯಲ್ಲಿ ಕುರುಡ ಲೆಮ್‌ನ ಗಿಟಾರು ಕೇಳದವರಿರಲಿಲ್ಲ. ಶನಿವಾರ ಪ್ರೀತಿ-ಸಂಕಟದ ಬ್ಲೂಸ್ ಹಾಡು, ಭಾನುವಾರ ದೇವರ ಹಾಡು. ಬೆರಳುಗಳು ಮಾತ್ರ ಅವೇ.

"ಅಕ್ಕ, ಜನ ನೋಡ್ತಿದ್ದಾರೆ."

"ನೋಡ್ಲಿ ಬಿಡು. ಬೀದೀಲಿ ಇಷ್ಟು ವರ್ಷ ಅವಳೋನಾಗಿದ್ದ. ಇವತ್ತೊಂದಿನ ಆದ್ರೂ ನನ್ನೋನಾಗಿರ್ಲಿ."

ಒಝೆಲಾ ಬಂದಳು. ಬಿಳಿ ಕೈಗವಸು, ಇಸ್ತ್ರಿ ಮಾಡಿದ ಕಪ್ಪು ಉಡುಪು. ಬೆಂಚಿನ ಮೇಲಿನ ಸಾಮಾನು ನೋಡಿದಳು, ವರ್ಡೆಲ್‌ಳ ಬೆನ್ನಿಗೇ ಹಿಂದಿನ ಸಾಲಿನಲ್ಲಿ ಕೂತಳು. ಅವಳ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಇದಕ್ಕಿಂತ ಪಕ್ಕದಲ್ಲೇ ಕೂರಿಸಿಕೊಂಡಿದ್ದರೆ ವಾಸಿಯಿತ್ತು ಎಂದು ವರ್ಡೆಲ್‌ಗೆ ಎನಿಸಿತು.

* * *

ಕುರುಡ ಹಾಡುಗಾರನಿಗೆ ಹಿಡಿದು ನಡೆಯಲು ಒಂದು ಮೊಣಕೈ ಬೇಕು. ಲೆಮ್‌ಗೆ ಆ ಮೊಣಕೈ ಒಝೆಲಾಳದು. ಅವನನ್ನು ಮೂಲೆಗೆ ಕರೆದೊಯ್ದು, ಗಿಟಾರಿನ ತುದಿಗೆ ಚಿಲ್ಲರೆ ಬೀಳಲೆಂದು ತಗಡಿನ ಲೋಟ ಕಟ್ಟಿ, ಅವನ ಜೊತೆ ದನಿಗೂಡಿಸುವವಳು ಅವಳು. ವರ್ಡೆಲ್ ಆಗ ಕಾರ್ಖಾನೆಯಲ್ಲಿ ತಂಬಾಕಿನ ಎಲೆಯಿಂದ ನಾರು ಕೀಳುತ್ತಿದ್ದಳು. ಕೆಲಸ ಬಿಟ್ಟು ತಾನೇ ಜೊತೆಗೆ ಬರಲೇ ಎಂದು ಒಮ್ಮೆ ಕೇಳಿದ್ದಳು.

"ನಿನ್ನ ರಾಗ ಕೇಳಿದ್ರೆ ದೇವರೇ ಎದ್ದು ಹೋಗ್ತಾನೆ ಕಣೇ," ಎಂದು ಲೆಮ್ ನಕ್ಕಿದ್ದ. ಅವಳೂ ನಕ್ಕಿದ್ದಳು. ಆ ದಿನ ಒಲೆಯ ಮೇಲಿನ ಅವರೆಕಾಳು ತಳ ಹಿಡಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಅದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಒಂದು ಹಾಡು. ಬೀದಿಯ ಗಿಟಾರಿನವರು ಸಾಲನ್ನು ಅರ್ಧಕ್ಕೆ ಬಿಟ್ಟು ಉಳಿದ ಮಾತನ್ನು ತಂತಿಯಿಂದ ಹೇಳಿಸುವುದುಂಟು. ಹಾಡು ಹಳೆಯದಾದ್ದರಿಂದ ಕೇಳುವವರು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ. ಆದರೆ ನದಿಯ ಮೇಲಿನ ಈ ಹಾಡು ಲೆಮ್ ತಾನೇ ಕಟ್ಟಿದ್ದು. ಕೊನೆಯ ಸಾಲು ಬಂದಾಗ ಬಾಯಿ ಮುಚ್ಚುತ್ತಿದ್ದ, ಗಿಟಾರು ಹೇಳುತ್ತಿತ್ತು. ಏನು ಹೇಳುತ್ತದೆ ಅದು ಎಂದು ಕೇಳಿದರೆ, "ಗೊತ್ತಿರಬೇಕಾದೋರಿಗೆ ಗೊತ್ತು," ಎನ್ನುತ್ತಿದ್ದ.

ಯಾರಿಗೆ ಎಂದು ವರ್ಡೆಲ್‌ಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಸಂಜೆ ಬಸ್ಸಿನ ಕಿಟಕಿಯಿಂದ ಕಂಡಿದ್ದಳು: ಸರಿಯಾಗಿ ಆ ಸಾಲಿಗೆ ಒಝೆಲಾ ಕಣ್ಣು ಮುಚ್ಚಿ ನಗುತ್ತಿದ್ದಳು.

* * *

ಚರ್ಚಿನ ಪಾದ್ರಿ ರೆವರೆಂಡ್ ಅಮ್‌ಸ್ಟೆಡ್, ಸತ್ತವನ ಗೌರವಕ್ಕೆಂದು ಅದೇ ಹಾಡನ್ನು ಗಾಯಕರಿಗೆ ಕಲಿಸಿದ್ದರು. ಖಾಲಿ ಸಾಲು ಅವರಿಗೆ ಸರಿಬಂದಿರಲಿಲ್ಲವೇನೋ, ಅಲ್ಲಿಗೆ ಸ್ವರ್ಗ, ದೇವದೂತರು, ಚಿನ್ನದ ಬಾಗಿಲು ಎಲ್ಲ ಸೇರಿಸಿಬಿಟ್ಟಿದ್ದರು. ಗಾಯಕರು ಭರ್ಜರಿಯಾಗಿ ಹಾಡುತ್ತಾ ಆ ಚಿನ್ನದ ಬಾಗಿಲಿನ ಮಾತಿನವರೆಗೆ ಬಂದರು.

"ಅದಲ್ಲ," ಎಂದು ವರ್ಡೆಲ್ ಎದ್ದು ನಿಂತಳು. ಅದೇ ಕ್ಷಣ ಅವಳ ಬೆನ್ನ ಹಿಂದಿನಿಂದಲೂ ಒಂದು ದನಿ "ಅದಲ್ಲ" ಎಂದಿತು.

ಹಾಡು ನಿಂತಿತು. ಸರಿಯಾದ ಮಾತು ಯಾವುದೆಂದು ಹೇಳಿದರೆ ಅದನ್ನೇ ಹಾಡಿಸುವುದಾಗಿ ರೆವರೆಂಡ್ ಮೆತ್ತಗೆ ಹೇಳಿದರು. ಇಡೀ ಚರ್ಚು ಹೆಂಡತಿಯ ಮುಖ ನೋಡುತ್ತಿತ್ತು. ಗಂಡನ ಹಾಡನ್ನು ಊರಿನ ಎದುರು ಒಝೆಲಾಳ ಬಾಯಿಂದ ಕೇಳಿ ತಿಳಿಯಬೇಕಲ್ಲ ಎಂದು ವರ್ಡೆಲ್‌ಗೆ ಮೈಯೆಲ್ಲ ಉರಿಯಿತು. ಆದರೆ ಅವನು ಬೇರೆ ಯಾರದೋ ಮಾತು ಹೊತ್ತು ಮಣ್ಣಿಗೆ ಹೋಗುವುದು ಅದಕ್ಕಿಂತ ಕೆಟ್ಟದ್ದಾಗಿತ್ತು. ಹಿಂದೆ ತಿರುಗಿದಳು.

"ಹೇಳು. ನಿಂಗೆ ಗೊತ್ತಲ್ಲ."

ಒಝೆಲಾಳ ಮುಖ ಹುಳ್ಳಗಾಯಿತು. "ನನ್ನ ಹಂಗಿಸ್ತೀಯಾ? ಅದೇನಂತ ಅವನನ್ನ ಕೇಳಿ ಕೇಳಿ ಸಾಕಾಗಿತ್ತು ನಂಗೆ. 'ಅದು ನನ್ನ ಹೆಂಡ್ತಿಗೆ ಗೊತ್ತು, ನಿಂಗ್ಯಾಕೆ' ಅಂತಿದ್ದ. ಆ ಸಾಲು ಬಂದಾಗೆಲ್ಲ ನಿನ್ನ ನೆನೆಸ್ಕೊಂಡು ಹೊಟ್ಟೆ ಉರ್ಕೊಂಡಿದೀನಿ."

"ಕಣ್ಣು ಮುಚ್ಕೊಂಡು ನಗ್ತಿದ್ದೆಯಲ್ಲ, ನಾನೇ ನೋಡಿದೀನಿ."

"ಹಲ್ಲು ಕಚ್ಕೊಂಡಿದ್ದೆ."

ವರ್ಡೆಲ್ ಅವಳನ್ನು ದಿಟ್ಟಿಸಿ ನೋಡಿದಳು. ಸುಳ್ಳಲ್ಲ. ಆ ಉರಿ ಎಂಥದೆಂದು ಅವಳಿಗೆ ಗೊತ್ತಿತ್ತು.

"ನನಗೂ ಹೇಳಿಲ್ಲ," ಎಂದಳು.

ಒಝೆಲಾ ಎದ್ದು ವರ್ಡೆಲ್‌ಳ ಪಕ್ಕಕ್ಕೆ ಬಂದಳು. ದನಿ ತಗ್ಗಿಸಿ ಕೇಳಿದಳು: "ಮತ್ತೆ ಯಾರಿಗೆ ಹೇಳಿದಾನೆ?"

ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು ಹಿಂದಿನ ಬೆಂಚುಗಳ ಕಡೆ ತಿರುಗಿದರು. ಒಂದೊಂದೇ ಮುಖ ನೋಡುತ್ತಾ ಹೋದರು. ಚರ್ಚಿನ ಹೆಂಗಸರೆಲ್ಲ, ಮುದುಕಿಯರೂ ಬಿಡದೆ, ಸಾಲುಸಾಲಾಗಿ ಕೈಯಲ್ಲಿದ್ದ ಬೀಸಣಿಗೆಗಳನ್ನು ಮುಖಕ್ಕೆ ಅಡ್ಡ ಹಿಡಿದರು.