ಖಣದ ಚಂಚಿ ಬಾಯಿ ಮುಚ್ಚಿದ ದಿನ

ನಾನು ಒಂದು ಚಂಚಿ, ಎಲೆ-ಅಡಿಕೆ ಇಡುವ ಬಟ್ಟೆಯ ಚೀಲ. ಕುಪ್ಪಸ ಹೊಲಿದು ಉಳಿದ ಖಣದ ತುಂಡುಗಳಿಂದ ಬಾಗಲಕೋಟೆಯ ದರ್ಜಿ ಮೆಹಬೂಬಸಾಬ ನನ್ನನ್ನು ಹೊಲಿದ. ಒಳಗೆ ಮೂರು ಜೇಬು, ಬಾಯಿಗೊಂದು ದಾರ.

ಮೊದಲು ನಾನು ಶಾಂತವ್ವನ ಸೊಂಟದಲ್ಲಿದ್ದೆ. ಆಕೆ ತೀರಿಕೊಂಡ ಮೇಲೆ ಸೊಸೆ ಗುರಸಿದ್ದವ್ವನ ಸೊಂಟ ಸೇರಿದೆ. ಈಕೆ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಅತ್ತೆಯ ಕಾಲದಿಂದ ಒಂದೇ ರೂಢಿ: ಪಕ್ಕದಲ್ಲಿ ಕೂತವರು ಕೈ ಚಾಚಿದರೆ ನನ್ನ ಬಾಯಿ ತೆರೆಯಬೇಕು. ಅದು ನನಗೂ ಹೆಮ್ಮೆಯೇ.

ಒಲೆಯ ಝಳ, ಹೊತ್ತು ಮೀರಿದ ಊಟ, ದಿನವಿಡೀ ತಂಬಾಕು. ಗುರಸಿದ್ದವ್ವನಿಗೆ ಎದೆ ಉರಿ ಶುರುವಾಯಿತು. ಹುಳಿ ನೀರು ಗಂಟಲಿಗೆ ಬರುವುದು, ಜೊತೆಗೆ ವಾಕರಿಕೆ. ಡಾಕ್ಟರಮ್ಮ ಮೊದಲು ಎದೆಬಡಿತದ ತೊಂದರೆ ಇದೆಯೇ, ಬೇರೆ ಯಾವ ಗುಳಿಗೆ ನುಂಗುತ್ತೀ ಎಂದು ಕೇಳಿ, ಆಮೇಲೆ ಕ್ಯಾಪ್ಸೂಲ್ ಬರೆದರು. ಒಂದರಲ್ಲೇ ಎರಡು ಔಷಧ, ಉರಿಗೆ ಒಂದು, ವಾಕರಿಕೆಗೆ ಇನ್ನೊಂದು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಅಗಿಯದೆ ನುಂಗಬೇಕು, ಹೇಳಿದಷ್ಟೇ ದಿನ. ತಂಬಾಕು ಬಿಡಬೇಕು. ಹಾಗೆ ನನ್ನ ತಂಬಾಕಿನ ಜೇಬು ಕ್ಯಾಪ್ಸೂಲಿನದಾಯಿತು.

ಗುರಸಿದ್ದವ್ವನ ಉರಿ ಇಳಿಯಿತು. ಅದನ್ನು ಕಂಡು, ಪಕ್ಕದಲ್ಲಿ ರೊಟ್ಟಿ ಬಡಿಯುವ ಗೆಳತಿ ಕಸ್ತೂರೆವ್ವ ತನಗೂ ವಾಕರಿಕೆ ಎಂದು, ಎಲೆ ಕೇಳುವ ಹಾಗೆಯೇ ಕೈ ಚಾಚಿದಳು. ನನ್ನ ಬಾಯಿ ತೆರೆಯಿತು. ಕ್ಯಾಪ್ಸೂಲ್ ಇನ್ನೇನು ಅವಳ ಅಂಗೈಗೆ ಬೀಳುವುದರಲ್ಲಿತ್ತು. ಕಸ್ತೂರೆವ್ವ ಎದೆಬಡಿತ ತಾಳ ತಪ್ಪುವ ಕಾಯಿಲೆಗೆ ದಿನಾ ಗುಳಿಗೆ ನುಂಗುವವಳು. ಅದು ನೆನಪಾಗಿ ಗುರಸಿದ್ದವ್ವನ ಕೈ ನಿಂತಿತು. ಕ್ಯಾಪ್ಸೂಲನ್ನು ಒಳಗೆ ಹಾಕಿ ದಾರ ಎಳೆದಳು.

"ಅತ್ತಿ ಹೋದಮ್ಯಾಲೆ ಚಂಚಿ ಬಾಯಿ ಸಣ್ಣದಾತೇನವಾ?" ಎಂದಳು ಕಸ್ತೂರೆವ್ವ.

"ಎಲಿ ಆಗಿದ್ರ ಕಟ್ಟಽ ಕೊಡ್ತಿದ್ದೆ. ನೀ ಎದಿ ಗುಳಿಗಿ ನುಂಗಾಕಿ. ಡಾಕ್ಟರಮ್ಮ ಮದಲ ಕೇಳಿದ್ದಽ ಅದನ್ನ. ಏಳ, ಹಿಟ್ಟು ಮುಚ್ಚಿಡು, ದವಾಖಾನಿಗೆ ಹೋಗಿ ಬರೂಣು."

ಡಾಕ್ಟರಮ್ಮ ಇಸಿಜಿ ತೆಗೆಸಿ ನೋಡಿದರು. ವಾಕರಿಕೆಯ ಆ ಔಷಧ ಕಸ್ತೂರೆವ್ವನ ಗುಳಿಗೆಯ ಜೊತೆ ಸೇರಿದ್ದರೆ ಎದೆಬಡಿತ ಕೆಟ್ಟು ಜೀವಕ್ಕೇ ಕುತ್ತು ಬರಬಹುದಿತ್ತು ಎಂದರು. ಅವಳಿಗೆ ಹೊಂದುವ ಬೇರೆ ಔಷಧ ಕೊಟ್ಟರು.

ಮರುದಿನ ಒಲೆಯ ಮುಂದೆ ಕೂತ ಕಸ್ತೂರೆವ್ವ ಗುರಸಿದ್ದವ್ವನ ಪಾಲಿನ ಹಿಟ್ಟನ್ನೂ ತನ್ನ ಕಡೆಗೆ ಎಳೆದುಕೊಂಡಳು.

ಈಗ ನನ್ನ ಅಂಚು ಸವೆದಿದೆ. ಗೋಡೆಯ ಗೂಟಕ್ಕೆ ತೂಗುತ್ತ ಹಾಯಾಗಿದ್ದೇನೆ. ಡಾಕ್ಟರಮ್ಮ ಹೇಳಿದಷ್ಟು ದಿನಕ್ಕೆ ಕ್ಯಾಪ್ಸೂಲ್ ನಿಂತಿತು, ಆ ಜೇಬಿನಲ್ಲಿ ಈಗ ತಂಬಾಕಿನ ಬದಲು ಅಗಿಯುವ ಬಡೇಸೋಪು ಇದೆ. ಎಷ್ಟು ಜನರಿಗೆ ಬಾಯಿ ತೆರೆದೆನೋ ನೆನಪಿಲ್ಲ. ಮುಚ್ಚಿದ್ದು ಒಬ್ಬಳಿಗೆ ಮಾತ್ರ. ಇವತ್ತೂ ಊಟವಾದ ಮೇಲೆ, ಕೇಳದೆ ಹೇಳದೆ ನನ್ನೊಳಗೆ ಬರುವುದು ಅವಳದೇ ಕೈ.