ನೆಲ ನೆನಪಾಗುವಷ್ಟು ಹೊತ್ತು

ಕಬ್ಬಿಣದ ಗುಂಡು ತಣ್ಣಗಿದೆ, ಅಂಗೈಯ ಬೆವರಿಗೆ ಜಾರುತ್ತಿದೆ, ಒರೆಸಿ ಮೇಜಿನ ಅಂಚಿಗಿಟ್ಟಳು, ಪಕ್ಕದಲ್ಲಿ ಇನ್ನೊಂದು, ಒಂದು ನೇರ ಕೆಳಗೆ ಬೀಳುವುದು, ಇನ್ನೊಂದನ್ನು ಸ್ಪ್ರಿಂಗು ಅಡ್ಡಕ್ಕೆ ಚಿಮ್ಮಿಸುವುದು, ಇಪ್ಪತ್ತು ವರ್ಷದಿಂದ ಇದೇ ಪಾಠ, ಇದೇ ಪ್ರಶ್ನೆ, ಯಾವುದು ಮೊದಲು ನೆಲ ಮುಟ್ಟುತ್ತೆ ಹೇಳಿ ನೋಡೋಣ — ನೇರ ಬೀಳೋದೇ ಮಿಸ್, ಇನ್ನೊಂದು ಅಷ್ಟು ದೂರ ಹೋಗ್ಬೇಕಲ್ವಾ, ತಡ ಆಗುತ್ತೆ, ಹಿಂದಿನ ಬೆಂಚಿನ ಹುಡುಗಿ ಎಷ್ಟು ಗಟ್ಟಿಯಾಗಿ ಹೇಳುತ್ತಾಳೆ, ತಮ್ಮನೂ ಹೀಗೆಯೇ, ಬೆಳಿಗ್ಗೆ ಅಡುಗೆಮನೆ ಬಾಗಿಲಿಗೆ ಒರಗಿ, ಉಗುರಲ್ಲಿನ್ನೂ ಸಿಮೆಂಟು, ಅಕ್ಕಾ, ಮೂರನೇ ಮಹಡಿಯಿಂದ ಹಲಗೆ ಬೀಸಿ ಒಗೆದೆ, ಕೂಗಿಯೂ ಕೂಗಿದೆ, ಕೆಳಗಿದ್ದವನಿಗೆ ಟೈಮಿತ್ತು ಕಣೇ, ನೀನೊಂದು ಸೈನ್ ಹಾಕು ಸಾಕು, ಸೈನ್ಸ್ ಟೀಚರ್ ಹೇಳಿದ್ರೆ ನಂಬ್ತಾರೆ. ಹತ್ತು ಆಳುಗಳನ್ನು ಗದರಿಸುವ ಮೇಸ್ತ್ರಿ, ಮೂಗು ಸೊರಸೊರ ಅನ್ನಿಸುತ್ತಾ ಅತ್ತ, ಅವಳ ಕರುಳು ಚುರುಕ್ಕೆಂದಿತು, ಈಗಲೂ ಅನ್ನುತ್ತಿದೆ, ಅವನು ಬರೆಸಿ ತಂದ ಕಾಗದ ಈ ಮೇಜಿನ ಡ್ರಾಯರಿನಲ್ಲೇ ಇದೆ, ಅಡ್ಡಕ್ಕೆ ಜೋರಾಗಿ ಎಸೆದ ಹಲಗೆ ಕೆಳಗಿಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಕೆಳಗಿದ್ದ ಎಲೆಕ್ಟ್ರಿಷಿಯನ್ ಸರಿದು ನಿಲ್ಲಲು ಬೇಕಾದಷ್ಟು ಸಮಯವಿತ್ತು, ಅದರ ಕೆಳಗೆ ಅವಳ ಸಹಿಗೊಂದು ಗೆರೆ. ನಾಲ್ಕು ಗಂಟೆಗೆ ಪೊಲೀಸರ ವಿಚಾರಣೆ. ಎಲೆಕ್ಟ್ರಿಷಿಯನ್ ಮೂರು ದಿನದಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ. ಏಟು ನೆತ್ತಿಗಲ್ಲ, ಮುಖಕ್ಕಂತೆ, ಕೂಗು ಕೇಳಿ ಕತ್ತೆತ್ತಿದ್ದನಂತೆ.

ಸ್ಪ್ರಿಂಗು ಬಿಟ್ಟಳು. ಟಕ್. ಒಂದೇ ಸದ್ದು — ಒಂದು ಗುಂಡು ಅವಳ ಚಪ್ಪಲಿಯ ಬಳಿ, ಇನ್ನೊಂದು ಕಿಟಕಿಯ ಕೆಳಗೆ, ಇಲ್ಲ ಮಿಸ್, ಇನ್ನೂ ಜೋರಾಗಿ ಹೊಡೀರಿ, ಹುಡುಗಿ ಸೋಲುವವಳಲ್ಲ, ಆಯ್ತಮ್ಮ, ಎರಡನ್ನೂ ಮತ್ತೆ ಇಟ್ಟು ಸ್ಪ್ರಿಂಗನ್ನು ಕೊನೆಯವರೆಗೂ ಎಳೆದಳು, ಗುಂಡು ಬೀರುವಿನ ಹತ್ತಿರ ಹೋಗಿ ಬಿತ್ತು, ಟಕ್, ಮತ್ತೆ ಒಂದೇ ಸದ್ದು. ಅಂದು ಮನೆಯ ತಾರಸಿಯ ಮೇಲೆ ಅವಳಿಗೆ ಹನ್ನೆರಡು, ತಮ್ಮನಿಗೆ ಏಳು, ಕೈಯಲ್ಲಿ ಕಲ್ಲು, ಬೀಸಿ ಎಸಿ ಪುಟ್ಟಾ, ಜೋರಾಗಿ ಎಸೆದರೆ ಕಲ್ಲಿಗೆ ನೆಲ ನೆನಪಾಗೋದು ತಡ, ಎಂದದ್ದು ಯಾರು, ಇವಳೇ, ಅಕ್ಕ ಹೇಳಿದ್ದೆಲ್ಲ ಅವನಿಗೆ ವೇದವಾಕ್ಯ, ಮೂವತ್ತು ವರ್ಷ ಅದನ್ನು ಜೋಪಾನವಾಗಿಟ್ಟುಕೊಂಡು ಆಳುಗಳಿಗೂ ಹೇಳಿಕೊಟ್ಟಿದ್ದಾನೆ, ಸುಮ್ಮನೆ ಬಿಡಬೇಡ್ರೋ, ಬೀಸಿ ಒಗೀರಿ, ಆಮೇಲೆ ಕೂಗಿ, ನೆಲ ತಡವಾಗಿ ನೆನಪಾಗುತ್ತೆ. ಕಾಲೇಜಿನಲ್ಲಿ ಸರಿಯಾದದ್ದು ಕಲಿತಳು, ಸಾವಿರಾರು ಮಕ್ಕಳಿಗೆ ಕಲಿಸಿದಳು, ಮನೆಯಲ್ಲಿ ಒಬ್ಬನಿದ್ದ, ಅವನಿಗೆ ಹೇಳಬೇಕೆಂದು ಒಂದು ದಿನವೂ ಹೊಳೆಯಲಿಲ್ಲ, ಥೂ.

ಮಿಸ್, ಹಾಗಾದ್ರೆ ಅಡ್ಡಕ್ಕೆ ಎಷ್ಟು ಜೋರಾಗಿ ಎಸೆದ್ರೂ ಟೈಮ್ ಅಷ್ಟೇನಾ — ಅಷ್ಟೇ ಮರಿ, ಬೀಳೋದಕ್ಕೆ ಎತ್ತರ ಒಂದೇ ಲೆಕ್ಕ, ವೇಗದಿಂದ ದೂರ ಹೋಗಬಹುದು, ಹೊತ್ತು ಸಿಗಲ್ಲ, ಬೋರ್ಡಿನ ಮೇಲೆ ಕೈ ತಾನಾಗಿಯೇ ಬರೆಯುತ್ತಿದೆ, ಮೂರನೇ ಮಹಡಿ, ಹನ್ನೊಂದು ಮೀಟರ್, ಎರಡರಿಂದ ಗುಣಿಸು, ಒಂಬತ್ತು ಪಾಯಿಂಟ್ ಎಂಟರಿಂದ ಭಾಗಿಸು, ವರ್ಗಮೂಲ ತೆಗೆ, ಒಂದೂವರೆ ಸೆಕೆಂಡು. ಬಳಪ ಮುರಿಯಿತು. ಸಹಿ ಹಾಕದಿದ್ದರೆ ತಮ್ಮ ಜೈಲಿಗೆ, ಅವನ ಹೆಂಡತಿ ಈ ಜನ್ಮದಲ್ಲಿ ಇವಳ ಮುಖ ನೋಡುವುದಿಲ್ಲ, ಹಾಕಿದರೆ ನಾಳೆ ಇದೇ ಮೇಜಿನ ಮುಂದೆ ಯಾವ ಬಾಯಲ್ಲಿ ಪಾಠ, ತಪ್ಪು ನಂದು ಕಣೋ ಪುಟ್ಟಾ, ಹಾಗಂತ ಬರೆಯಲು ಆ ಕಾಗದದಲ್ಲಿ ಗೆರೆಯಿಲ್ಲ. ಡ್ರಾಯರ್ ಎಳೆದಳು, ಪೆನ್ನಿನ ಮುಚ್ಚಳ ತೆಗೆದಳು, ಕೈ ತಾಗಿ, ಮತ್ತೆ ಎತ್ತಿ ಅಂಚಿನಲ್ಲಿಟ್ಟಿದ್ದ ಗುಂಡು ಉರುಳಿತು, ಟಕ್, ಒಂದೂವರೆ ಸೆಕೆಂಡಿನಲ್ಲಿ ಮನುಷ್ಯ ಏನು ಮಾಡಬಹುದು, ಕೂಗು ಕಿವಿಗೆ ಬೀಳಬೇಕು, ನನ್ನನ್ನೇನಾ ಅನ್ನಿಸಬೇಕು, ಕಾಲು ಕೀಳುವಷ್ಟು ಹೊತ್ತಿಲ್ಲ, ಕತ್ತೆತ್ತುವಷ್ಟು ಮಾತ್ರ ಇದೆ — ಸದ್ದಿಗೆ ಇಡೀ ತರಗತಿ ನೋಟ್‌ಬುಕ್ಕಿನಿಂದ ತಲೆಯೆತ್ತಿ ಅವಳನ್ನೇ ನೋಡುತ್ತಿದೆ, ಪೆನ್ನು ಗೆರೆಯ ಮೇಲೆ ನಿಂತಿದೆ, ಕತ್ತೆತ್ತಿದ ಮುಖ, ಕೂಗು ಕೇಳಿ ಕತ್ತೆತ್ತಿದ ಮುಖ